ನಟ್ಟನಡುವೆ ಒಂದು ಬಲ್ಬು

ನಟ್ಟನಡುವೆ ಎಂಬುದರ ಮೇಲೆ ನನಗೆ ಮೊದಲಿನಿಂದಲೂ ಒಂದು ವ್ಯಾಮೋಹ. ಬೆಣ್ಣೆ ದೋಸೆಯನ್ನು ಎಲ್ಲರೂ ಅಂಚಿನಿಂದ ಮುರಿದರೆ ನಾನು ಬೆಣ್ಣೆ ಕರಗುತ್ತಿರುವ ನಡುವಿಗೇ ಕೈ ಹಾಕುತ್ತೇನೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಹೆಡ್‌ಮಾಸ್ತರರ ಪಕ್ಕದ ಕುರ್ಚಿ ಸಿಗದಿದ್ದರೆ ಅವರ ಬೆನ್ನ ಹಿಂದೆಯಾದರೂ ನಿಂತು ಮಧ್ಯವನ್ನು ಉಳಿಸಿಕೊಳ್ಳುತ್ತೇನೆ. ಗೋಡೆಯ ಕ್ಯಾಲೆಂಡರು ಒಂದಿಂಚು ಆಚೀಚೆ ಇದ್ದರೆ ನನಗೆ ಊಟ ರುಚಿಸುವುದಿಲ್ಲ. ಇಂಥವನು ಮನೆ ಕಟ್ಟಿಸಲು ಹೊರಟರೆ ಏನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ನೀವು ನಕ್ಕರೂ ನನ್ನ ಅಭ್ಯಂತರವಿಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಾಸ ದಾವಣಗೆರೆಯಲ್ಲಿ, ನಿಟ್ಟುವಳ್ಳಿಯ ಬಾಡಿಗೆ ಮನೆಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ವಿದ್ಯಾನಗರದಲ್ಲಿ ಹೇಗೋ ಒಂದು ಸೈಟು ಕೈಗೆ ಬಂದು, ಗೋಡೆಗಳೂ ಎದ್ದು, ತಾರಸಿಗೆ ಮೋಲ್ಡ್ ಹಾಕುವ ದಿನ ಹತ್ತಿರವಾಗಿತ್ತು. ಗೋಡೆಗೆ ಮರದ ಪಟ್ಟಿ ಬಡಿದು ಅದರ ಮೇಲೆ ವೈರು ಓಡಿಸುವ ಪದ್ಧತಿ ಹಿಂದೆ ಸರಿಯುತ್ತಿತ್ತು. ಪೈಪುಗಳನ್ನು ತಾರಸಿಯ ಕಂಬಿಗಳ ನಡುವೆಯೇ ಇಟ್ಟು ಕಾಂಕ್ರೀಟು ಸುರಿಯುವ ಹೊಸ ಪದ್ಧತಿ ಬಂದಿತ್ತು. ಮರದ ಪಟ್ಟಿಯಾದರೆ ತಪ್ಪಿದ ಕಡೆ ಕಿತ್ತು ಇನ್ನೊಂದು ಕಡೆ ಬಡಿಯಬಹುದು. ಕಾಂಕ್ರೀಟಿನೊಳಗೆ ಹೂತ ಪೈಪು ಹೂತಲ್ಲೇ ಇರುತ್ತದೆ. ಆದ್ದರಿಂದ ಯಾವ ದೀಪ ಎಲ್ಲಿ ಎಂಬುದನ್ನು ಮೊದಲೇ ನಿಶ್ಚಯಿಸಿ ಎಂದು ಮೇಸ್ತ್ರಿ ಎಚ್ಚರಿಸಿದ.

ನನಗೆ ಅಷ್ಟು ಸಾಕಾಗಿತ್ತು. ಗ್ರಾಫ್ ಹಾಳೆ ತಂದು ನಾಲ್ಕು ಸಂಜೆ ಕೂತೆ. ಪ್ರತಿ ಕೋಣೆಗೂ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಎಳೆದು, ಅವು ಕೂಡುವಲ್ಲಿ ಕೆಂಪು ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟೆ. ಚುಕ್ಕೆ ಎಂದರೆ ಬಲ್ಬು. ಹಾಲಿನಲ್ಲಿ ಮಾತ್ರ ಆ ಜಾಗವನ್ನು ಫ್ಯಾನಿಗೆ ಬಿಟ್ಟುಕೊಡಬೇಕಾಗಿ ಬಂದು ಒಂದಿಡೀ ಸಂಜೆ ಬೇಜಾರಿನಲ್ಲಿ ಕಳೆಯಿತು. ನನ್ನ ಓದುವ ಕೋಣೆಗೆ ಚುಕ್ಕೆಯ ಜೊತೆಗೆ ಟೇಬಲ್ ಲ್ಯಾಂಪಿಗೊಂದು, ರೇಡಿಯೋಗೊಂದು ಪ್ಲಗ್ಗು, ಮುಂದೆ ಯಾವುದಾದರೂ ಹೊಸ ಯಂತ್ರ ಬಂದರೆ ಇರಲೆಂದು ಇನ್ನೊಂದು. ಅಡುಗೆಮನೆಗೆ ಒಂದು ಚುಕ್ಕೆ, ನಟ್ಟನಡುವೆ. ಹಾಳೆಯನ್ನು ದೂರ ಹಿಡಿದು ನೋಡಿದಾಗ ನನ್ನ ಮೇಲೆ ನನಗೇ ಗೌರವ ಬಂತು.

ವೈರಿಂಗಿಗೆ ಬಂದವರು ರಹಮತ್ ಸಾಬ್ರು. ಐವತ್ತು ದಾಟಿದವರು, ಕಿವಿಯ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು. ಸೀಮೆಸುಣ್ಣ ನನ್ನ ಕಸುಬಿನ ವಸ್ತುವೂ ಆದ್ದರಿಂದ ನನಗೆ ಅವರು ಕಂಡಕೂಡಲೇ ಹಿಡಿಸಿದರು. ಮೋಲ್ಡಿನ ಹಿಂದಿನ ದಿನ ಬಂದ ಅವರು ನನ್ನ ಹಾಳೆಯನ್ನು ಮರ್ಯಾದೆಯಿಂದ ನೋಡಿ, ಮರ್ಯಾದೆಯಿಂದಲೇ ಮಡಿಸಿ ಜೇಬಿಗಿಟ್ಟರು. ಆಮೇಲೆ, ಮನೆಯಲ್ಲಿ ಇರುವವರನ್ನು ಕರೆದುಕೊಂಡು ಬನ್ನಿ ಎಂದರು. ನಾನೇ ಇದ್ದೇನಲ್ಲ ಎಂದೆ.

"ನೀವು ಹರಿಹರದಾಗ ಇರ್ತೀರಲ್ರಿ, ಮೇಷ್ಟ್ರೆ."

ನನ್ನ ಹೆಂಡತಿ ಗಿರಿಜೆ ಹೊರಗೇ ಇದ್ದಳು. ಗೋಡೆಗಳಿಗೆ ನೀರು ಹಾಕಲು ದಿನವೂ ಬರುತ್ತಿದ್ದವಳು ಅವಳೇ. ಆ ಮನೆಯ ಇಟ್ಟಿಗೆಗಳಿಗೆ ನನ್ನ ಗುರುತಿಗಿಂತ ಅವಳ ಗುರುತೇ ಹೆಚ್ಚಿತ್ತು.

ಸಾಬ್ರ ಪರೀಕ್ಷೆ ನನ್ನಿಂದಲೇ ಶುರುವಾಯಿತು. ಕಣ್ಣು ಮುಚ್ಚಿಕೊಂಡು ಕೋಣೆಯೊಳಗೆ ಬಂದು, ಸ್ವಿಚ್ಚಿಗೆ ಕೈ ಎಲ್ಲಿ ಹೋಗುತ್ತದೋ ಅಲ್ಲಿ ಗೋಡೆ ಮುಟ್ಟಬೇಕು. ಬಂದೆ, ಮುಟ್ಟಿದೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಕೇಳಿದರು. ಆಗ ಗೊತ್ತಾಯಿತು, ನನ್ನ ಹಾಳೆಯ ಪ್ರಕಾರ ಮನೆಯ ಅಷ್ಟೂ ಸ್ವಿಚ್ಚುಗಳು ತೆರೆದ ಬಾಗಿಲಿನ ಹಿಂದೆ ಅಡಗಿಕೊಳ್ಳುತ್ತಿದ್ದವು. ಒಳಗೆ ಹೋಗಿ, ಬಾಗಿಲು ಮುಚ್ಚಿ, ಕತ್ತಲಲ್ಲಿ ನಿಂತು ದೀಪ ಹಾಕಬೇಕು. ಗಿರಿಜೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಸಾಬ್ರು ಕಿವಿಯ ಸೀಮೆಸುಣ್ಣ ತೆಗೆದು ಬಾಗಿಲಿನ ಇನ್ನೊಂದು ಬದಿಯಲ್ಲಿ ಗುರುತು ಹಾಕಿದರು.

ಕೊನೆಗೆ ಅಡುಗೆಮನೆ. ತಾರಸಿಯ ಆಸರೆಗೆ ನಿಲ್ಲಿಸಿದ ಸೆಂಟ್ರಿಂಗಿನ ಕಂಬಗಳ ನಡುವೆ ನುಸುಳಿಕೊಂಡು ಹೋಗಿ ಸಾಬ್ರು ನೆಲದ ಮೇಲೆ ಒಂದು ಗೆರೆ ಎಳೆದು, ಇದೇ ಒಲೆಯ ಕಟ್ಟೆ ಅಂತ ತಿಳಿದುಕೊಂಡು ತರಕಾರಿ ಹೆಚ್ಚುವ ಹಾಗೆ ನಿಲ್ಲಿ ಎಂದು ಗಿರಿಜೆಗೆ ಹೇಳಿದರು. ಅದೆಲ್ಲ ಅವರನ್ನೇ ಕೇಳಿ ಎಂದು ಅವಳು ನನ್ನ ಕಡೆ ತೋರಿಸಿದಳು. ಅವರು ಅಡುಗೆ ಮಾಡುತ್ತಾರೇನು ಎಂದು ಸಾಬ್ರು ಕೇಳಿದರು. ಅವಳು ನಾಚುತ್ತ ಗೆರೆಯ ಮುಂದೆ ನಿಂತಳು. ಎಡಭುಜ ಹಿಂದಕ್ಕೆ, ಕತ್ತು ಬಲಕ್ಕೆ ವಾಲಿಸಿ, ಅರ್ಧ ತಿರುಗಿ.

"ಯಾಕ ಅಕ್ಕಾರೆ, ಸೊಟ್ಟ ನಿಂತೀರಿ?"

ಗಿರಿಜೆ ತನ್ನ ಮೈಯನ್ನು ತಾನೇ ಒಮ್ಮೆ ನೋಡಿಕೊಂಡಳು. ಅವಳಿಗೂ ಅದು ಆಗಷ್ಟೇ ತಿಳಿದಂತಿತ್ತು.

"ನೆಟ್ಟಗೆ ನಿಂತ್ರೆ ನನ್ನ ನೆಳ್ಳೇ ಪಾತ್ರಿಯೊಳಗೆ ಬೀಳ್ತೈತ್ರಿ. ಹಿಂಗೆ ನಿಂತ್ರೆ ಒಂದೀಟು ಕಾಣ್ತೈತೆ."

ಆಗ ಹಟ್ಟಹಗಲು. ಅಲ್ಲಿ ಬಲ್ಬೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ನಿಟ್ಟುವಳ್ಳಿಯ ಮನೆಯಲ್ಲಿ ಬಲ್ಬು ಅವಳ ಬೆನ್ನ ಹಿಂದೆ, ಕೋಣೆಯ ನಟ್ಟನಡುವೆ ತೂಗುತ್ತಿತ್ತು. ಅದರ ಕೆಳಗೆ ಒಂಬತ್ತು ವರ್ಷ ಕಲಿತ ನಿಲುವು ಅದು. ಅವಳು ನಿಲ್ಲುವುದೇ ಹಾಗೆ ಎಂದು ನಾನು ತಿಳಿದಿದ್ದೆ. ಅನ್ನದಲ್ಲಿ ಕಲ್ಲು ಸಿಕ್ಕಾಗ, ಅವಳು ಬೆರಳು ಕುಯ್ದುಕೊಂಡಾಗ, ನೋಡಿಕೊಂಡು ಮಾಡಬಾರದೇ ಎಂದು ಬುದ್ಧಿ ಹೇಳುತ್ತಿದ್ದವನೂ ನಾನೇ.

ನಾನು ಕಲಿಸುತ್ತಿದ್ದ ಪಾಠವಾದರೂ ಯಾವುದು? ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ದಾರಿಯಲ್ಲಿ ಅಪಾರದರ್ಶಕ ವಸ್ತು ಬಂದರೆ ಹಿಂದೆ ನೆರಳು ಬೀಳುತ್ತದೆ. ಹರಿಹರದ ಕರಿಹಲಗೆಯ ಮೇಲೆ ವರ್ಷವರ್ಷವೂ ಮೇಣದಬತ್ತಿ ಬರೆದು, ಚೆಂಡು ಬರೆದು, ಪೂರ್ಣಛಾಯೆ ಅರೆಛಾಯೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ತುಂಬಿದ್ದೇನೆ. ನಮ್ಮ ಮನೆಯಲ್ಲಿ ಆ ಚೆಂಡಿನ ಜಾಗದಲ್ಲಿ ಯಾರು ನಿಂತಿದ್ದಾರೆ ಎಂಬುದು ಒಂದು ಸಲವೂ ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು.

ನಾನು ಹುಡುಗನಾಗಿದ್ದಾಗ ಆನಗೋಡಿನ ನಮ್ಮಜ್ಜಿಯ ಮನೆಗೆ ಕರೆಂಟು ಬಂದಿರಲಿಲ್ಲ. ಅಜ್ಜಿ ಅಕ್ಕಿ ಆರಿಸಲು ಕೂತರೆ ಚಿಮಣಿ ದೀಪ ಮೊರದ ಪಕ್ಕಕ್ಕೆ ಬರುತ್ತಿತ್ತು, ರೊಟ್ಟಿಗೆ ಕೂತರೆ ಒಲೆಯ ಮೇಲಿನ ಗೂಡಿಗೆ ಏರುತ್ತಿತ್ತು. ಬೆಳಕು ಸಣ್ಣದೇ, ಹೊಗೆ ಬೇರೆ. ಆದರೆ ಅದು ಕೆಲಸ ಇದ್ದಲ್ಲಿಗೆ ಹೋಗುತ್ತಿತ್ತು. ಕರೆಂಟು ಬಂದು ದೀಪ ದೊಡ್ಡ ಮನುಷ್ಯನಾಯಿತು, ಎತ್ತರದಲ್ಲಿ ಕೂತಲ್ಲೇ ಕೂತಿತು. ಮನೆಯವರೇ ಅದಕ್ಕೆ ಅನುಸರಿಸಿಕೊಂಡು ತಿರುಗಿ ನಿಲ್ಲಬೇಕಾಯಿತು. ಹಾಗೆ ತಿರುಗಿ ನಿಲ್ಲುವವರು ಗಂಡಸರಲ್ಲದ ಕಾರಣ ಅದು ಯಾವ ನಕ್ಷೆಯಲ್ಲೂ ಬರಲಿಲ್ಲ.

ಸಾಬ್ರು ಜೇಬಿನಿಂದ ನನ್ನ ಹಾಳೆ ತೆಗೆದು ಬಿಚ್ಚಿ ಹಿಡಿದರು. ಬೆಳಗಾದರೆ ಕಾಂಕ್ರೀಟು ಬೀಳುತ್ತದೆ, ಈಗಲೇ ಹೇಳಿ ಎಂದರು. ಕಟ್ಟೆಗೆ ತಾಗಿದ ಗೋಡೆಗೆ, ಅವಳ ಮುಖದ ಎದುರಿಗೆ, ಹಣೆಗಿಂತ ತುಸು ಮೇಲೆ ಎಂದೆ. ಹೆಬ್ಬೆರಳಿಗೆ ಎಂಜಲು ಹಚ್ಚಿ ಅಡುಗೆಮನೆಯ ಕೆಂಪು ಚುಕ್ಕೆಯನ್ನು ನಾನೇ ಉಜ್ಜಿದೆ. ಅದು ಅಳಿಸಲಿಲ್ಲ, ಕುಂಕುಮ ಚೆಲ್ಲಿದಂತೆ ಹರಡಿಕೊಂಡಿತು. ಸಾಬ್ರು ತಾರಸಿ ಹತ್ತಿ ಅಡುಗೆಮನೆಯ ಪೈಪನ್ನು ನಡುವಿಗೆ ಒಯ್ಯದೆ ಗೋಡೆಯತ್ತ ಬಾಗಿಸಿದರು. ಆ ಸದ್ದನ್ನು ಗಿರಿಜೆ ಕೆಳಗೆ ನಿಂತು ಕತ್ತೆತ್ತಿ ಕೇಳುತ್ತಿದ್ದಳು.

ಗೃಹಪ್ರವೇಶವಾಯಿತು. ಎದುರಿಗೇ ದೀಪ, ನೆರಳು ಅವಳ ಬೆನ್ನ ಹಿಂದೆ. ಆದರೂ ಗಿರಿಜೆ ಮೊದಲಿನಂತೆಯೇ ಸೊಟ್ಟ ನಿಲ್ಲುತ್ತಿದ್ದಳು. ಪೈಪನ್ನು ಒಂದು ಗಳಿಗೆಯಲ್ಲಿ ಬಾಗಿಸಬಹುದು, ಒಂಬತ್ತು ವರ್ಷದ ಕತ್ತನ್ನು ಸರಿಪಡಿಸಲು ಸಾಬ್ರಿಂದಲೂ ಆಗದು. ನೆಟ್ಟಗೆ ನಿಲ್ಲು ಎನ್ನಲು ಬಾಯಿ ತೆರೆದು ಎಷ್ಟೋ ಸಲ ಮುಚ್ಚಿಕೊಂಡೆ. ಬುದ್ಧಿ ಹೇಳಿದ್ದು ಸಾಕಾಗಿತ್ತು.

ಕೆಲವು ತಿಂಗಳು ಕಳೆದಿರಬೇಕು. ಒಂದು ಸಂಜೆ ಹರಿಹರದ ಬಸ್ಸಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತೆ. ಗಿರಿಜೆ ಹುರುಳಿಕಾಯಿ ಹೆಚ್ಚುತ್ತಿದ್ದಳು, ನೆಟ್ಟಗೆ ನಿಂತು. ಪಕ್ಕದಿಂದ ಅವಳ ಮುಖ ಕಾಣುತ್ತಿತ್ತು, ಹಣೆಯಿಂದ ಗದ್ದದವರೆಗೆ ಬೆಳಕು. ಅಡುಗೆ ಮಾಡುವಾಗ ಅವಳು ಕೆಳತುಟಿ ಕಚ್ಚಿಕೊಳ್ಳುತ್ತಾಳೆ ಎಂಬುದು ನನಗೆ ಅಂದು ತಿಳಿಯಿತು.

"ಯಾಕ ಅಲ್ಲೇ ನಿಂತ್ರಿ? ಏನರ ಬೇಕೇನ್ರಿ?"

ಪಾಪ, ನಾನು ಅಡುಗೆಮನೆಗೆ ಬಂದಿದ್ದೇನೆ ಎಂದರೆ ಏನೋ ಬೇಕಾಗಿಯೇ ಇರುತ್ತದೆ ಎಂದು ಅವಳ ಲೆಕ್ಕ. ಒಂದು ಲೋಟ ನೀರು ಎಂದೆ. ಕೊಟ್ಟಳು. ಬಾಯಾರಿಕೆಯೇನೂ ಇರಲಿಲ್ಲ. ಕುಡಿದು ಮುಗಿಸಿ ಇನ್ನೊಂದು ಲೋಟ ಕೇಳಿದೆ.