ಹೊದಿಕೆಯೊಳಗಿನ ಗಾಡಿ

ಬೀದಿಯಲ್ಲಿ ಮೈತುಂಬ ಹೊದ್ದು ನಿಂತ ಕಾರನ್ನು ಕಂಡರೆ ಹೊದಿಕೆಯ ಅಂಚನ್ನು ಎರಡು ಬೆರಳಿನಿಂದ ಎತ್ತಿ ಒಳಗೆ ಇಣುಕುವ ಚಪಲ ನನಗೆ ಈ ವಯಸ್ಸಿನಲ್ಲೂ ಹೋಗಿಲ್ಲ. ಸಭ್ಯರು ಇದನ್ನು ಕೆಟ್ಟ ಚಾಳಿ ಎನ್ನುತ್ತಾರೆ. ನಾನು ಜಿಜ್ಞಾಸೆ ಎನ್ನುತ್ತೇನೆ.

ಬೈಲಹೊಂಗಲದ ಅರಳೆ ವ್ಯಾಪಾರಿ, ನನ್ನ ಗೆಳೆಯ ಬಸವಣ್ಣೆಪ್ಪನ ಹಳೆಯ ಕಾರಿಗೆ ಮೊದಲು ಹೊದಿಕೆಯಿರಲಿಲ್ಲ. ಅದರ ನೆತ್ತಿಯ ಮೇಲೆ ಕೋಳಿಗಳು ಕೂಡುತ್ತಿದ್ದವು. ತೊಂಬತ್ತರ ದಶಕದ ಆ ರವಿವಾರಗಳಲ್ಲಿ ನಾವು ನಾಲ್ವರು ಅದನ್ನು ನೂಕಿ ಚಾಲೂ ಮಾಡಿ, ಮುರಗೋಡದವರೆಗೆ ಹೋಗಿ, ಚಹಾ ಕುಡಿದು, ಮತ್ತೆ ನೂಕಿಕೊಂಡು ಬರುತ್ತಿದ್ದೆವು. ಕಾರು ಕಪ್ಪಗಿತ್ತೆಂದು ನನ್ನ ನೆನಪು. ಹಸಿರಾಗಿತ್ತೆಂದು ನನ್ನ ಹೆಂಡತಿಯದು. ನೆನಪಿಗೂ ಆಗಾಗ ಹೊಸ ಬಣ್ಣ ಬೀಳುತ್ತಿರುತ್ತದೆ, ಬಿಡಿ. ನಮ್ಮ ಗಾಡಿ ಕೆಟ್ಟು ನಿಂತರೆ ರಾಮದುರ್ಗದ ಹಳೆಗಾಡಿಯ ಹುಚ್ಚರೊಬ್ಬರು ತಮ್ಮ ಕಾರಿನ ಕಾರ್ಬ್ಯುರೇಟರನ್ನೇ ಬಿಚ್ಚಿ, ನೆರೆಮನೆಗೆ ಹೆಪ್ಪು ಕೊಟ್ಟಷ್ಟು ಸಲೀಸಾಗಿ, ಬಸ್ಸಿನಲ್ಲಿ ಕಳಿಸುತ್ತಿದ್ದರು.

ಆಮೇಲೆ ಕೊಳ್ಳುವವರು ಬಂದರು. ಓಡಿಸಲಿಕ್ಕಲ್ಲ, ಮಾರಲಿಕ್ಕೆ ಕೊಳ್ಳುವವರು. ಕಟಕೋಳದ ಒಂದು ಕಾರು ಕೊಟ್ಟಿಗೆಯಿಂದ ಗೇಣೂ ಅಲುಗದೆ ಒಂದೇ ಮಳೆಗಾಲದಲ್ಲಿ ಮೂವರು ಯಜಮಾನರನ್ನು ಕಂಡಿತು. ಚಲನೆಯಿಲ್ಲದೆ ಚಲಾವಣೆಯಾದ ವಾಹನವನ್ನು ನಾನು ನೋಡಿದ್ದು ಅದೇ ಮೊದಲು. ರಾಮದುರ್ಗದ ಕಾರ್ಬ್ಯುರೇಟರಿಗೂ ‘ಅಸಲಿ’ ಎಂಬ ಬಿರುದು ಬಂತು. ಬಿರುದು ಬಂದದ್ದನ್ನು ಯಾರಾದರೂ ಬಸ್ಸಿನಲ್ಲಿ ಕಳಿಸುತ್ತಾರೆಯೇ, ನೀವೇ ಹೇಳಿ.

ಮೊದಲು ಎತ್ತಿನ ವ್ಯಾಪಾರ ಮಾಡುತ್ತಿದ್ದ ಕಿತ್ತೂರಿನ ದಲಾಲಿಯೊಬ್ಬ ಬಸವಣ್ಣೆಪ್ಪನ ಅಂಗಳಕ್ಕೂ ಬಂದ. ಎತ್ತಿನ ಹಲ್ಲು ನೋಡುವ ಗಾಂಭೀರ್ಯದಿಂದ ಕಾರಿನ ಮೋರೆ ತಡವಿದ. ಹೆಗಲ ಮೇಲಿನ ಟವೆಲನ್ನು ಬಸವಣ್ಣೆಪ್ಪನ ಕೈಮೇಲೆ ಹಾಸಿ, ಅದರ ಮರೆಯಲ್ಲಿ ಬೆರಳು ಹಿಡಿದು, ದನದ ಪೇಟೆಯ ರೀತಿಯಲ್ಲಿ ಗುಟ್ಟಾಗಿ ಬೆಲೆ ಹೇಳಿದ. ಎಷ್ಟೆಂದು ನಮಗೆ ಇಂದಿಗೂ ತಿಳಿಯದು. ಕಂಡದ್ದು ಬಸವಣ್ಣೆಪ್ಪನ ಮುಖ ಮಾತ್ರ. “ವಿಚಾರ ಮಾಡ್ತೇನಿ ತಡಿ,” ಎಂದು ಅವನು ಕೈ ಹಿಂದೆಗೆದುಕೊಂಡ.

ಮರುದಿನ ಕಾರಿನ ಮೇಲೆ ತಾಡಪತ್ರಿಯ ಹೊದಿಕೆ ಬಿತ್ತು. ರವಿವಾರ ಹೋದರೆ, “ಇವತ್ತ ಬ್ಯಾಡ್ರಪಾ, ಬಣ್ಣಕ್ಕ ಗೀರ ಬಿದ್ದಾವು,” ಎಂದ. ಮುಂದಿನ ರವಿವಾರವೂ ಅದೇ ರಾಗ. ಮಾರಲೂ ಇಲ್ಲ, ಓಡಿಸಲೂ ಇಲ್ಲ. ಗಾಡಿ ಅವನ ಅಂಗಳದಲ್ಲೇ ಯಾರದೋ ಆಗಿ ನಿಂತಿತ್ತು. ನಮ್ಮ ತಿರುಗಾಟ ಮುಗಿಯಿತೆಂದೇ ತಿಳಿದೆವು. ಬಸವಣ್ಣೆಪ್ಪನ ಹೆಂಡತಿ ಗಂಗಕ್ಕ ಚಹಾ ಕೊಡುತ್ತ, “ನನ್ನ ಲಗ್ನದಾಗ ನನಗೂ ಇಷ್ಟ ಹೊದಿಸಿದ್ದಿಲ್ಲ ಇವ್ರು,” ಎಂದು ಚುಚ್ಚಿದಳು.

ದಲಾಲಿ ಮತ್ತೆ ಬರುತ್ತೇನೆಂದಿದ್ದ ರವಿವಾರ ಅಕಾಲದಲ್ಲಿ ಮೋಡ ಕವಿಯಿತು. ಅಂಗಳದಲ್ಲಿ ಕಡಲೆ ಹರವಿತ್ತು. ಗಂಗಕ್ಕ ಯಾರನ್ನೂ ಕೇಳದೆ ಕಾರಿನ ತಾಡಪತ್ರಿಯನ್ನು ಎಳೆದು ಕಡಲೆಗೆ ಹೊದಿಸಿದಳು.

“ಏ, ಗಾಡಿ ತೋಯ್ತೈತಿ!” ಎಂದು ಬಸವಣ್ಣೆಪ್ಪ ಚೀರಿದ.

“ಗಾಡಿ ತೋಯ್ದ್ರ ಮೊಳಕಿ ಒಡಿಯೂದಿಲ್ಲ ತಗೋರಿ!”

ಬಸವಣ್ಣೆಪ್ಪ ಮಳೆಯಲ್ಲೇ ನಿಂತು ಸಿಟ್ಟಾದ, ಆಮೇಲೆ ನಕ್ಕ, ಆಮೇಲೆ ನಮ್ಮ ಕಡೆ ತಿರುಗಿ, “ಏನ್ ನೋಡ್ತೀರಿ? ನೂಕ್ರಿ!” ಎಂದ. ದಲಾಲಿ ಬರುವಷ್ಟರಲ್ಲಿ ನಾವು ಮುರಗೋಡದ ಹಾದಿಯಲ್ಲಿದ್ದೆವು.

ಆ ದಿನದ ಒಂದು ಸಂಶಯ ಮಾತ್ರ ಬಹಳ ವರ್ಷ ಕಾಡಿತು. ನಾನು ನೂಕಿದ್ದು ನನಗೆ ಚೆನ್ನಾಗಿ ನೆನಪಿದೆ. ವಿಚಾರಿಸಿದರೆ ಬಸವಣ್ಣೆಪ್ಪನೂ ಉಳಿದಿಬ್ಬರೂ ನೂಕಿದವರೇ. ಹಾಗಾದರೆ ಸ್ಟಿಯರಿಂಗ್ ಹಿಡಿದವರಾರು? ಕೊನೆಗೆ ಗಂಗಕ್ಕನನ್ನು ಕೇಳಿದೆ.

“ನಾನ ಕುಂತಿದ್ನಲ್ಲೋ ತಮ್ಮಾ! ಬ್ರೇಕ್ ಯಾವ್ದು ಅಂತ ಒದರಾಕ ಹತ್ತಿದ್ನಿ, ಒಬ್ಬರೂ ಕೇಳಿಸ್ಕೊಳ್ಲಿಲ್ಲ.”

ಹೊದ್ದು ನಿಂತ ಕಾರುಗಳನ್ನು ಈಗಲೂ ಇಣುಕಿ ನೋಡುತ್ತೇನೆ. ಕಾರು ಯಾವುದೆಂದು ತಿಳಿಯಲಿಕ್ಕಲ್ಲ, ಒಳಗೆ ಯಾರಾದರೂ ಸ್ಟಿಯರಿಂಗ್ ಹಿಡಿದು ನೂಕುವವರಿಗಾಗಿ ಕಾಯುತ್ತ ಕುಳಿತಿದ್ದಾರೆಯೋ ಎಂದು.