ತೊಡೆಯಲ್ಲೊಂದು ಪಾಠಶಾಲೆ ಕಟ್ಟುವಾಕೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಆಕೆ ಮೊಣಕೈವರೆಗೆ ಕೈ ತೊಳೆದು, ಉಸಿರು ಬಿಗಿಹಿಡಿದು ಗಾಜಿನ ತಟ್ಟೆಯೊಂದರ ಮುಚ್ಚಳ ಎತ್ತುತ್ತಾಳೆ. ನಸುಗೆಂಪು ಪೋಷಕ ದ್ರವ. ಅದರಲ್ಲಿ ತೆಳು ಸ್ಪಂಜಿನ ಹಾಸು. ಹಾಸಿನ ಮೇಲೆ ಉಗುರಿನಗಲದ ಮಾಂಸದ ಚೂರುಗಳು. ನಿನ್ನೆಯ ದ್ರವವನ್ನು ಹೀರಿ ತೆಗೆದು, ಹೊಸದನ್ನು ಹನಿಹನಿಯಾಗಿ ಬಿಡುತ್ತಾಳೆ.

"ಏಯ್, ಸಾಕು ಸಾಕು! ಮುಳುಗಿಸ್ತೀಯಾ?" ಪಕ್ಕದಲ್ಲಿ ಧಾರಾಳವಾಗಿ ಸುರಿಯುತ್ತಿದ್ದ ಹೊಸ ಸಹೋದ್ಯೋಗಿಯನ್ನು ಗದರುತ್ತಾಳೆ. "ಕೆಳಗಿಂದ ಊಟ, ಮೇಲಿಂದ ಗಾಳಿ. ಎರಡೂ ಬೇಕು ಅದಕ್ಕೆ. ಮುದ್ದು ಜಾಸ್ತಿಯಾದ್ರೆ ಉಸಿರು ಕಟ್ಟತ್ತೆ."

"ನಿಮ್ಮ ಸೊಸೆಯಾಗಿ ಬರೋಳು ಪಾಪ, ಅತ್ತೆ," ಎಂದು ಆ ಹುಡುಗಿ ಗೊಣಗುತ್ತಾಳೆ. ಆ ಕೋಣೆಯಲ್ಲಿ ಎಲ್ಲರಿಗೂ ಆಕೆ 'ಅತ್ತೆ'ಯೇ.

ಚೂರುಗಳು ಥೈಮಸ್ ಗ್ರಂಥಿಯವು. ಎದೆಯೊಳಗಿನ ಆ ಗ್ರಂಥಿ ರೋಗನಿರೋಧಕ ಕಣಗಳ ಪಾಠಶಾಲೆ. ನಮ್ಮವರು ಯಾರು, ಹೊರಗಿನವರು ಯಾರು ಎಂದು ಅವು ಕಲಿಯುವುದು ಇಲ್ಲೇ. ನಮ್ಮವರ ಮೇಲೇ ಕೈಯೆತ್ತುವ ಕಣಗಳಿಗೆ ಸಾವೂ ಇಲ್ಲೇ. ಶಿಶುಗಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಅಡ್ಡ ಬಂತೆಂದು ಕತ್ತರಿಸಿದ, ಕಸದ ಪಾಲಾಗಬೇಕಿದ್ದ ತುಂಡನ್ನು ಅತ್ತೆ ಎರಡು ಮೂರು ವಾರ ಸಾಕುತ್ತಾಳೆ. ದಿನವೂ ದ್ರವ ಬದಲಿಸಿದಂತೆ ಅದರೊಳಗಿನ, ಆ ಶಿಶುವಿನ ಹಳೆಯ ಕಣಗಳು ತೊಳೆದುಹೋಗಿ, ಪಾಠ ಹೇಳುವ ಅಂಗಾಂಶವಷ್ಟೇ ಉಳಿಯುತ್ತದೆ. "ಹಳೇ ಮಕ್ಕಳನ್ನ ಮನೆಗೆ ಕಳ್ಸಿ, ಮೇಷ್ಟ್ರನ್ನ ಮಾತ್ರ ಉಳಿಸ್ಕೊಳ್ಳೋದು," ಎನ್ನುತ್ತಾಳೆ. ಆಮೇಲೆ ಆ ಚೂರು, ಗ್ರಂಥಿಯೇ ಇಲ್ಲದೆ ಹುಟ್ಟಿದ ಮಗುವೊಂದರ ತೊಡೆಯ ಸ್ನಾಯು ಸೇರುತ್ತದೆ. ಮಗುವಿನ ಸ್ವಂತ ಕಣಗಳು ಮೂಳೆಯ ಮಜ್ಜೆಯಿಂದ ಬಂದು ಅಲ್ಲಿ ಪಾಠ ಮುಗಿಸಲು ತಿಂಗಳುಗಳೇ ಬೇಕು.

ಅಂಥದೊಂದು ಮಗು ಈಗ ಮೇಲಿನ ಮಹಡಿಯಲ್ಲಿ, ಸೋಂಕು ತಾಗದಂತೆ ಮುಚ್ಚಿದ ಗಾಜಿನ ಕೋಣೆಯಲ್ಲಿದೆ. ಕಳೆದ ಚಳಿಗಾಲದಲ್ಲಿ ಅದರ ತೊಡೆ ಸೇರಿದ್ದು ಅತ್ತೆ ಸಾಕಿದ ಚೂರು. ಅದು ಹಿಡಿಯಿತೇ, ಕೈಬಿಟ್ಟಿತೇ? ಆಕೆಗೆ ಹೇಳುವವರಿಲ್ಲ. ರೋಗಿಯ ಗುಟ್ಟು ಕಾಯುವ ನಿಯಮವಂತೆ! ಗಾಜಿನ ಮುಂದೆ ಸಾಲಾಗಿ ನಿಂತು ಆಸ್ಪತ್ರೆಯ ದೊಡ್ಡವರೆಲ್ಲ ಪತ್ರಿಕೆಗೆ ಫೋಟೊ ತೆಗೆಸಿಕೊಂಡ ದಿನ ಆ ನಿಯಮ ಎಲ್ಲಿ ಗೊರಕೆ ಹೊಡೆಯುತ್ತಿತ್ತು? ಸಾಕಿದ ಕೈಗೆ ಮಾತ್ರ ಬಾಗಿಲು ಹಾಕುವ ಗುಟ್ಟು ಅದೆಂಥ ಗುಟ್ಟು?

ಮೊನ್ನೆ ಲಿಫ್ಟಿನಲ್ಲಿ ಆ ಮಗುವಿನ ತಾಯಿ ಸಿಕ್ಕಿದ್ದಳು; ಕೊರಳ ಚೀಟಿಯಲ್ಲಿ ಗಾಜಿನ ಕೋಣೆಯ ಗುರುತಿತ್ತು. "ಅಮ್ಮಾ, ಇಲ್ಲಿ ಬಿಸಿನೀರು ಎಲ್ಲಿ ಸಿಗತ್ತೆ?" ಎಂದು ಕೇಳಿದಳು. ಅತ್ತೆ ದಾರಿ ತೋರಿಸಿದಳು.

"'ನಿನ್ನ ಕೂಸು ಹೇಗಿದೆ ತಾಯಿ' ಅಂತ ನಾಲಿಗೆ ತುದೀವರೆಗೂ ಬಂತು. ನುಂಗ್ಕೊಂಡೆ. ಕೇಳಿದ್ರೆ ಕೆಲ್ಸಕ್ಕೇ ಕುತ್ತು," ಎನ್ನುತ್ತಾಳೆ ಅತ್ತೆ.

ಹಾಗಾದರೆ ಆಕೆಗೆ ಏನಾಸೆ? ಒಮ್ಮೆಯಾದರೂ ಆ ಮಗುವನ್ನು ಎತ್ತಿಕೊಳ್ಳುವುದೇ?

"ಅಯ್ಯೋ, ಅಷ್ಟೆಲ್ಲ ಯಾಕೆ," ಎನ್ನುತ್ತಾ ಮುಂದಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಾಳೆ. "ಅದು ಬೀದೀಲಿ ಆಡಿ, ಮಣ್ಣು ತಿಂದು, ನೆಗಡಿ ಹಿಡಿಸ್ಕೊಂಡು, ನಾಲ್ಕು ದಿನ ಸೊರಸೊರ ಅಂದು, ಯಾರ ಹಂಗೂ ಇಲ್ದೆ ತಾನಾಗೇ ವಾಸಿ ಆಯ್ತು ಅಂತ ಯಾರಾದ್ರೂ ಬಂದು ನಂಗೆ ಹೇಳ್ಬೇಕು."