ನನ್ನದಲ್ಲದ ಗಡ್ಡ

ಸಿಂಗಾಪುರದ ಹೌಗಾಂಗಿನಲ್ಲಿ ಮಗಳ ಮನೆಯಿರುವ ಬ್ಲಾಕಿನ ಕೆಳಗೆ ಒಂದು ಕ್ಷೌರದಂಗಡಿ ಇದೆ. ನಡೆಸುವವಳು ಅರವತ್ತು ದಾಟಿದ ಒಬ್ಬ ಚೀನೀ ಹೆಂಗಸು. ನಾನು ಅದರ ಮುಂದೆ ಹಾದುಹೋದಾಗಲೆಲ್ಲ ಆಕೆ ಕತ್ತರಿ ಹಿಡಿದ ಕೈ ಎತ್ತಿ, ತನ್ನ ಗದ್ದ ಮುಟ್ಟಿ ತೋರಿಸಿ, "ಅಂಕಲ್, ಟುಡೇ ಶೇವ್?" ಎಂದು ಕೇಳುತ್ತಿದ್ದಳು. ನಾನು ಗಡ್ಡ ಮುಚ್ಚಿಕೊಂಡು "ನೋ, ನೋ" ಎನ್ನುತ್ತ ಬೇಗಬೇಗ ಹೆಜ್ಜೆ ಹಾಕುತ್ತಿದ್ದೆ. ಆಕೆಗೆ ಅದು ತಮಾಷೆ. ನನಗೆ ತಮಾಷೆಯಾಗಿರಲಿಲ್ಲ. ಆ ಗಡ್ಡ ನನ್ನದಲ್ಲ, ಮುಂಬಯಿಯಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಹಿಂದಿ ಸಿನಿಮಾದ್ದು.

ನಮ್ಮ ಕಸುಬಿನಲ್ಲಿ ಇದನ್ನು ಕಂಟಿನ್ಯುಟಿ ಎನ್ನುತ್ತಾರೆ. ಮೊದಲ ದಿನ ಕ್ಯಾಮೆರಾ ಮುಂದೆ ನಿಂತಾಗ ಮುಖ ಹೇಗಿತ್ತೋ ಕೊನೆಯ ದಿನದವರೆಗೂ ಹಾಗೇ ಇರಬೇಕು. ನಡುವೆ ಎಷ್ಟು ತಿಂಗಳು ಬೇಕಾದರೂ ಕಳೆಯಲಿ, ಅದು ಅವರ ತಲೆನೋವಲ್ಲ. ಹೀರೋ ಆದರೆ ವಿಗ್ ಮಾಡಿಸುತ್ತಾರೆ, ಅಂಟುಗಡ್ಡ ತರಿಸುತ್ತಾರೆ. ನನ್ನಂಥವನು ಬೆಳೆಸಬೇಕು, ಕಾಯಬೇಕು; ಹೆಚ್ಚಾದದ್ದನ್ನು ಸೆಟ್ಟಿನಲ್ಲಿ ಅವರೇ ಕತ್ತರಿಸಿ ಹೊಂದಿಸುತ್ತಾರೆ.

ನಲವತ್ತು ವರ್ಷ ಹಿಂದಿ ಸಿನಿಮಾಗಳಲ್ಲಿ ಮುಖ ತೋರಿಸಿದವನು ನಾನು. ನೀವು ನನ್ನನ್ನು ನೋಡಿಯೇ ಇರುತ್ತೀರಿ, ಹೆಸರು ಮಾತ್ರ ಗೊತ್ತಿರುವುದಿಲ್ಲ. ಹವಾಲ್ದಾರ, ಕೋರ್ಟಿನ ಗುಮಾಸ್ತ, ಮದುವೆ ಮುರಿಯುವ ಬೀಗ, ಎರಡನೇ ರೀಲಿನಲ್ಲೇ ಎದೆ ಹಿಡಿದುಕೊಂಡು ಬೀಳುವ ತಂದೆ. ನಡುನಡುವೆ ಸಂಭಾಷಣೆಯನ್ನೂ ಬರೆದೆ. ವಿಜಯಪುರದ ಓಣಿಯಲ್ಲಿ ಉರ್ದು ಮಾತಾಡುವ ಹುಡುಗರ ಜೊತೆ ಆಡಿ ಬೆಳೆದವನಾದ್ದರಿಂದ ಹಿಂದಿ ನಾಲಿಗೆಗೆ ಸಲೀಸಾಗಿ ಬಂತು. ಬರೆಯುವುದು ಮಾತ್ರ ಇವತ್ತಿಗೂ ಕನ್ನಡ ಲಿಪಿಯಲ್ಲೇ. ಹಿಂದಿ ಮಾತು, ಕನ್ನಡ ಅಕ್ಷರ. ಅದನ್ನು ನಾನು ಓದಿ ಹೇಳುತ್ತೇನೆ, ಯಾರೋ ಟೈಪ್ ಮಾಡಿಕೊಳ್ಳುತ್ತಾರೆ.

ಈ ಸಿನಿಮಾದಲ್ಲಿ ನನ್ನದು ಒಬ್ಬ ಮುದುಕನ ಪಾತ್ರ. ಸಿನಿಮಾ ಪೂರ್ತಿ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾನೆ, ಒಂದು ಮಾತೂ ಆಡುವುದಿಲ್ಲ. ಕೊನೆಯಲ್ಲಿ ಎದ್ದು ನಿಂತು, ಯೌವನದಲ್ಲಿ ಒಬ್ಬ ಗೆಳೆಯನಿಗೆ ತಾನು ಹೇಳಿದ ಸುಳ್ಳನ್ನು ಮನೆಯವರೆಲ್ಲರ ಮುಂದೆ ಒಪ್ಪಿಕೊಳ್ಳುತ್ತಾನೆ. ನಾಲ್ಕು ಪುಟದ ಮಾತು. ನಿರ್ದೇಶಕ ಅದನ್ನು ನನ್ನಿಂದಲೇ ಬರೆಸಿದ. ಕುರ್ಚಿಯಲ್ಲಿ ಕೂರುವುದೆಲ್ಲ ಹದಿನೆಂಟು ದಿನಗಳಲ್ಲಿ ಮುಗಿಯಿತು. ಮಾತಿನ ದೃಶ್ಯಕ್ಕೆ ಎರಡು ದಿನ ಬಾಕಿ ಇದ್ದಾಗ ಹೀರೋ ಬೇರೆ ಶೂಟಿಂಗಿಗೆ ಹೋದ. "ಎರಡು ವಾರ, ಸರ್" ಎಂದರು. ಆ ಎರಡು ದಿನ ಸಿಕ್ಕರೆ ನಾನು ನಟ. ಸಿಗದಿದ್ದರೆ ಸಿನಿಮಾದುದ್ದಕ್ಕೂ ಮೂಲೆಯಲ್ಲಿ ಇಟ್ಟ ಸಾಮಾನು.

ಎರಡು ವಾರ ಮುಂಬಯಿಯಲ್ಲಿ ಕೂತು ಏನು ಮಾಡುವುದು ಎಂದು ಹೆಂಡತಿ ಟಿಕೆಟ್ ತೆಗೆಸಿದಳು. ಮೊಮ್ಮಗಳಿಗೆ ರಜೆ ಇತ್ತು, ಹೊರಟೆವು. ಇಲ್ಲಿ ಬಂದ ಐದನೇ ದಿನ ನಾನು ಎಂದೂ ಮಾಡಬಾರದ ತಪ್ಪು ಮಾಡಿದೆ. ಹೊಸದಾಗಿ ಬಂದ ನಟರಿಗೆಲ್ಲ ನಾನೇ ಬುದ್ಧಿ ಹೇಳಿದವನು: ನೋಡಪ್ಪ, ಎಲ್ಲೇ ಇರು, ಫೋನ್ ಬಂದರೆ ಅಂಧೇರಿಯಲ್ಲೇ ಇದ್ದೇನೆ, ಅರ್ಧ ಗಂಟೆಯಲ್ಲಿ ಬಂದೆ ಅನ್ನು, ಆಮೇಲೆ ಓಡಿ ಬಾ. ಊರಲ್ಲಿಲ್ಲ ಎಂದೆಯೋ, ನಿನ್ನ ಕಥೆ ಮುಗಿಯಿತು. ಇಷ್ಟೆಲ್ಲ ಹೇಳಿದ ಮಹಾಶಯ, ಸಹಾಯಕ ನಿರ್ದೇಶಕಿ ಫೋನ್ ಮಾಡಿ "ಸರ್, ಎಲ್ಲಿದ್ದೀರಿ?" ಎಂದು ಕೇಳಿದಾಗ, ಪಾಸಿರ್ ರಿಸ್ ಬೀಚಿನಲ್ಲಿ ಎಳನೀರು ಹೀರುತ್ತ, ಎದೆ ಉಬ್ಬಿಸಿ "ಸಿಂಗಾಪುರದಲ್ಲಿ!" ಎಂದ. ಥೂ ನನ್ನ! ಜಂಬ ಬೇರೆ.

"ಓ, ನೈಸ್ ಸರ್," ಎಂದಳು ಹುಡುಗಿ. ಇಪ್ಪತ್ತೈದರ ವಯಸ್ಸು, ಒಳ್ಳೆಯ ಮನಸ್ಸು. ಅವಳ ಹಿಂದಿಯನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಮುಂದಿನ ವಾರ ಡೇಟ್ ಹೇಳ್ತೀನಿ ಸರ್. ಪಕ್ಕಾ. ಗಡ್ಡ ಇದೆ ಅಲ್ವಾ?"

"ಇದೆಯಮ್ಮ, ಜೋಪಾನವಾಗಿದೆ. ನಾಳೆ ಕರೆದರೂ ನಾಳೆಯೇ ಬರ್ತೀನಿ."

ಫೋನ್ ಇಟ್ಟ ಮೇಲೆ ಉಳಿದ ಎಳನೀರನ್ನು ಹೆಂಡತಿಯ ಕೈಗೆ ಕೊಟ್ಟುಬಿಟ್ಟೆ.

ಮುಂದಿನ ವಾರ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ವೀಸಾ ಒಂದು ಸಲ ವಿಸ್ತರಿಸಿದ್ದಾಯಿತು. ನಾನೇ ಮುಂಬಯಿಗೆ ಹೋಗಿ ಕೂರುತ್ತೇನೆ ಎಂದೆ. ಆದರೆ ಅಷ್ಟರಲ್ಲಿ ಅಲ್ಲಿನ ನಮ್ಮ ಬಿಲ್ಡಿಂಗನ್ನು ರಿಪೇರಿಗೆ ಖಾಲಿ ಮಾಡಿಸಿದ್ದರು, ಹೋಗಲು ಮನೆ ಇರಲಿಲ್ಲ. ಫೋನನ್ನು ಸ್ನಾನಕ್ಕೂ ಒಯ್ಯತೊಡಗಿದೆ. ಎಂ‌ಆರ್‌ಟಿ ಮೆಟ್ರೊ ನೆಲದಡಿ ಹೋಗುವಾಗ ಸಿಗ್ನಲ್ ಹೋದೀತೆಂದು ಬಸ್ಸಿನಲ್ಲೇ ಓಡಾಡಿದೆ. ಮಗಳು ವುಡ್‌ಲ್ಯಾಂಡ್ಸ್ ಕಡೆಯಿಂದ ಬಸ್ ಹತ್ತಿ ಒಂದು ದಿನ ಮಲೇಶಿಯಾದ ಜೋಹೋರ್‌ಗೆ ಹೋಗಿ ಬರೋಣ ಎಂದರೆ, ಗಡಿ ದಾಟಿದಾಗ ಕರೆ ಬಂದರೆ ಗತಿಯೇನು ಎಂದು ಜಗಳ ತೆಗೆದೆ.

"ಪಪ್ಪಾ, ರೋಮಿಂಗ್ ಆನ್ ಇರುತ್ತೆ, ಯಾಕಿಷ್ಟು ಟೆನ್ಶನ್ ಮಾಡ್ಕೋತಿಯಾ?" ಎಂದಳು ಮಗಳು. "ಅಟ್‌ಲೀಸ್ಟ್ ಗಡ್ಡ ಟ್ರಿಮ್ ಮಾಡಿಸ್ಕೋ. ಲಿಫ್ಟ್‌ನಲ್ಲಿ ಪಕ್ಕದ ಮನೆ ಆಂಟಿ, ನಿಮ್ಮ ಫಾದರ್‌ಗೆ ಹುಷಾರಿಲ್ವಾ ಅಂತ ಕೇಳಿದ್ರು."

ಹೆಂಡತಿ ನಲವತ್ತು ವರ್ಷ ಮುಂಬಯಿ ನೀರು ಕುಡಿದರೂ ವಿಜಯಪುರ ಬಿಟ್ಟವಳಲ್ಲ. "ಏನ್ರೀ, ಮಾರಿ ತುಂಬ ಜಾಲಿ ಕಂಟಿ ಬೆಳದಂಗ ಬೆಳದೈತಿ. ಉಣ್ಣಾಕ ಕುಂತ್ರ ಅರ್ಧಾ ಸಾರು ಗಡ್ಡಕ್ಕ, ಅರ್ಧಾ ನಿಮಗ. ಆ ಪಿಕ್ಚರ್‌ದವ್ರು ಕರಿಯೂತನಾ ನಾವು ಬದಕ್ಬೇಕೋ ಬ್ಯಾಡೋ?"

"ನಿನಗೇನ್ ತಿಳೀತೈತಿ, ಸುಮ್ಕಿರು," ಎಂದು ರೇಗುತ್ತಿದ್ದೆ. ಅವಳಿಗೆ ಎಲ್ಲ ತಿಳಿಯುತ್ತದೆ. ನನ್ನ ಹೆದರಿಕೆ ಅವಳಿಗೆ ಗೊತ್ತಾಗದಿರಲಿ ಎಂದೇ ರೇಗುತ್ತಿದ್ದದ್ದು.

ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ನೋಟುಪುಸ್ತಕ ಹಿಡಿದು ಕೆಳಗೆ ವಾಯ್ಡ್ ಡೆಕ್‌ಗೆ ಇಳಿಯುತ್ತಿದ್ದೆ. ಮನೆಗಳೆಲ್ಲ ಮೇಲೆ, ಕೆಳಗೆ ಬರೀ ಕಂಬಗಳಿರುವ ಖಾಲಿ ಜಾಗ. ದನಿ ಚೆನ್ನಾಗಿ ಮೊಳಗುತ್ತದೆ. ಅಲ್ಲಿ ಕಲ್ಲುಮೇಜಿನ ಮುಂದೆ ನಿಂತು ನಾಲ್ಕು ಪುಟ ಹೇಳುತ್ತಿದ್ದೆ. ಒಂದು ದಿನ ಮೂರನೇ ಪುಟದ ನಡುವೆ ಒಂದು ಸಾಲು ಮರೆತುಹೋಯಿತು. ಪುಸ್ತಕ ತೆರೆದು ನೋಡಿಕೊಳ್ಳಬೇಕಾಯಿತು. ಅದರ ಮೇಲೆ ದಿನಕ್ಕೆ ಎರಡು ಸಲ ಇಳಿಯತೊಡಗಿದೆ.

ಆದರೆ ನಿಜವಾಗಿ ನನ್ನನ್ನು ತಿನ್ನುತ್ತಿದ್ದದ್ದು ಮರೆವಲ್ಲ. "ಮುಂದಿನ ವಾರ, ಪಕ್ಕಾ" ಎಂಬ ಮಾತು. ಆ ಮಾತು ಹೇಗೆ ಹುಟ್ಟುತ್ತದೆ ಎಂದು ನನಗೆ ಗೊತ್ತಿತ್ತು, ಯಾಕೆಂದರೆ ನಾನೂ ಅದನ್ನು ಹೇಳಿದವನೇ.

ಮೂವತ್ತು ವರ್ಷಗಳ ಹಿಂದೆ ನಾನೊಂದು ಸಿನಿಮಾಕ್ಕೆ ಸಂಭಾಷಣೆ ಬರೆಯುತ್ತಿದ್ದೆ. ಅದರಲ್ಲಿ ತಂದೆಯ ಪಾತ್ರ ಒಬ್ಬ ವಯಸ್ಸಾದ ನಟರದ್ದು. ಅವರ ಎರಡು ದೃಶ್ಯ ಬಾಕಿ ಇರುವಾಗ ಅವರು ತಂಗಿಯ ಮನೆಗೆಂದು ನಾಗಪುರಕ್ಕೆ ಹೋಗಿದ್ದರು. ನಿರ್ಮಾಪಕ, "ಯಾರು ಕಾಯ್ತಾರೆ, ಏನಾದರೂ ಮಾಡು" ಎಂದ. ನಾನು ಸೆಟ್ಟಿನ ಮೆಟ್ಟಿಲ ಮೇಲೆ ಕೂತು ಹತ್ತು ನಿಮಿಷದಲ್ಲಿ ಮಾಡಿಕೊಟ್ಟೆ. ಗೋಡೆಗೆ ಆ ನಟರ ಫೋಟೊ, ಅದಕ್ಕೊಂದು ಹಾರ, ಮುಂದೆ ಊದುಬತ್ತಿ. ಮಗ ಬಂದು ಫೋಟೊ ನೋಡಿ ಒಂದೇ ಸಾಲು ಹೇಳುತ್ತಾನೆ, ಅಪ್ಪ ಹೋಗಿಬಿಟ್ಟರು ಎಂದು. ಎಲ್ಲರೂ ಬೆನ್ನು ತಟ್ಟಿದರು. ನನಗೂ ಕೋಡು ಮೂಡಿತು.

ಅವರಿಗೆ ಮಾತ್ರ ಯಾರೂ ಹೇಳಲಿಲ್ಲ. ಮೂರು ತಿಂಗಳ ಮೇಲೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ಆ ಪಾತ್ರದ ಗಿರಿಜಾ ಮೀಸೆ ಹಾಗೇ ಇತ್ತು, ಎಣ್ಣೆ ಹಚ್ಚಿ ತಿರುವಿದ್ದರು. "ಬೇಟಾ, ನಮ್ಮ ಶೆಡ್ಯೂಲ್ ಯಾವಾಗ?" ಎಂದು ಕೇಳಿದರು. ಸಿನಿಮಾದ ಎಡಿಟಿಂಗ್ ಆಗಲೇ ನಡೆದಿತ್ತು. ನಾನು ಅವರ ಮುಖ ನೋಡದೆ, "ಮುಂದಿನ ವಾರ ಸಾಬ್, ಪಕ್ಕಾ" ಎಂದು ಹೇಳಿ ಎದುರಿಗೆ ಬಂದ ಯಾವುದೋ ಬಸ್ ಹತ್ತಿದೆ. ಅದು ನನ್ನ ಬಸ್ಸೂ ಆಗಿರಲಿಲ್ಲ. ಆಮೇಲೆ ಅವರನ್ನು ನಾನು ನೋಡಲಿಲ್ಲ. ಈ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ. ನಾಲ್ಕು ಪುಟದ ಮಾತು ಬರೆಯುವಾಗ ನನ್ನ ಕಣ್ಣ ಮುಂದಿದ್ದದ್ದು ಆ ಮೀಸೆಯೇ. ಇನ್ನೊಬ್ಬ ಮುದುಕನ ಬಾಯಲ್ಲಾದರೂ ತಪ್ಪಾಯಿತು ಎಂದುಬಿಡೋಣ ಅಂದುಕೊಂಡಿದ್ದೆ.

ಎರಡನೇ ತಿಂಗಳ ಕೊನೆಗೆ ಒಂದು ಶನಿವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನ್ ಬಂತು. ತಟ್ಟೆ ಬಿಟ್ಟೆದ್ದೆ.

"ಸರ್, ನಿಮ್ಮದೊಂದು ಫೋಟೊ ಬೇಕಿತ್ತು," ಎಂದಳು ಸಹಾಯಕ ನಿರ್ದೇಶಕಿ. "ಈಗಿನ ಗಡ್ಡ ಇರೋದು. ಹಿಂದೆ ಬಿಳಿ ಗೋಡೆ ಇದ್ದರೆ ಒಳ್ಳೆಯದು. ಒಬ್ಬರೇ ಇರಬೇಕು. ಇವತ್ತೇ ಸಿಕ್ಕರೆ..."

"ಯಾಕಮ್ಮ?"

"ಸುಮ್ಮನೆ ಸರ್. ಪ್ರೊಡಕ್ಷನ್‌ನವರು ಕೇಳಿದರು."

ಅಂಥ ಫೋಟೊ ಯಾತಕ್ಕೆ ಕೇಳುತ್ತಾರೆಂದು ನನಗೆ ಗೊತ್ತಿತ್ತು; ಮನೆಯವರಿಗೆ ಫೋಟೊ ಕೇಳಿದರು ಎಂದಷ್ಟೇ ಹೇಳಿದೆ. ಹೆಂಡತಿಗೆ ಮಾತ್ರ ಹಬ್ಬ. "ಪೋಸ್ಟರಕ್ಕ ಬೇಕಾಗಿರ್ಬೇಕ್ರಿ! ನಲವತ್ತು ವರ್ಷದಾಗ ಒಂದ್ ಪೋಸ್ಟರ್‌ನ್ಯಾಗರ ನಿಮ್ಮ ಮಾರಿ ಕಂಡೈತೇನು? ಶಿವಾ, ಈಗರ ಕಣ್ಣು ತೆರದ್ಯಪ್ಪಾ!" ಎಂದು ಬೀರುವಿನಿಂದ ಬಿಳಿ ಅಂಗಿ ತೆಗೆದಳು. ಮಗಳು ಕಿಟಕಿಯ ಪರದೆ ಸರಿಸಿ ಬೆಳಕು ಮಾಡಿದಳು. ಒಂಬತ್ತು ವರ್ಷದ ಮೊಮ್ಮಗಳು ಫೋನ್ ಹಿಡಿದು ಎದುರಿಗೆ ನಿಂತಳು. ಅವರ ಸಂಭ್ರಮಕ್ಕೆ ತಣ್ಣೀರು ಎರಚಲು ನನಗೆ ಬಾಯಿ ಬರಲಿಲ್ಲ. ಅಲ್ಲದೆ, ಸುಳ್ಳು ಯಾಕೆ ಹೇಳಲಿ, ಒಳಗೆಲ್ಲೋ ಪೋಸ್ಟರೇ ಇರಬಾರದೇಕೆ ಎಂಬ ಆಸೆಯೂ ಇತ್ತು.

"ಅಜ್ಜಾ, ಸ್ಮೈಲ್ ಲಾ!" ಎಂದಳು, ಇಲ್ಲಿಯವರ ಹಾಗೆ ಕೊನೆಗೊಂದು ಲಾ ಸೇರಿಸಿ.

"ಜಾಸ್ತಿ ನಗಬಾರದವ್ವ. ಇನ್ನೊಂದು ಚೂರು ಹಿಂದೆ ಹೋಗು. ಎರಡೂ ಭುಜ ಕಾಣ್ಬೇಕು. ಎದೆ ಕೆಳಗೂ ಜಾಗ ಬಿಡು."

"ವೈ ಸೋ ಮಚ್ ಎಂಪ್ಟಿ, ಅಜ್ಜಾ? ಫೇಸ್ ಸ್ಮಾಲ್ ಆಗುತ್ತೆ."

"ಬೇಕಾಗ್ತದ, ಬಿಡು," ಎಂದೆ. ಹಾರಕ್ಕೆ ಅಷ್ಟು ಜಾಗ ಬೇಕು. ನಾನೇ ಎಷ್ಟೋ ಸಲ ಫೋಟೊಗ್ರಾಫರ್‌ಗಳಿಗೆ ಹೇಳಿಕೊಟ್ಟಿದ್ದೆ.

ಫೋಟೊ ಕಳಿಸಿದೆ. "ತುಂಬಾ ಚೆನ್ನಾಗಿದೆ ಸರ್, ಥ್ಯಾಂಕ್ಯೂ" ಎಂದು ಉತ್ತರ ಬಂತು. ಹೆಂಡತಿ ವಿಜಯಪುರದ ತನ್ನ ತಂಗಿಗೆ ಫೋನ್ ಹಚ್ಚಿ ಪೋಸ್ಟರಿನ ಸುದ್ದಿ ಶುರು ಮಾಡಿದಳು. ನಾನು ಕೆಳಗಿಳಿದು, ಕಲ್ಲುಮೇಜಿನ ಬಳಿ ನಿಂತು ಆ ಹುಡುಗಿಗೆ ಫೋನ್ ಮಾಡಿದೆ.

"ಆ ಸಾಲು ಯಾರು ಬರೆದರಮ್ಮ?"

"ಯಾವ ಸಾಲು ಸರ್?"

"ನಾನು ಸತ್ತೆ ಅಂತ ಹೇಳೋ ಸಾಲು."

ಸಣ್ಣ ದನಿಯಲ್ಲಿ, "ನಾನೇ ಸರ್" ಎಂದಳು. "ಹೀರೋ ಅರ್ಧ ದಿನ ಮಾತ್ರ ಕೊಟ್ಟರು. ನೀವು ಅಲ್ಲಿಂದ ಬರೋದು, ನಾಲ್ಕು ಪುಟ ಶೂಟ್ ಮಾಡೋದು... ಏನಾದರೂ ಮಾಡು ಅಂದರು."

"ಓದು."

"ಬೇಡ ಸರ್."

"ಓದಮ್ಮ. ನಾನೂ ಬರೆಯೋನೇ."

ಓದಿದಳು. "ಬಾಬೂಜಿ ಹೋದ ತಿಂಗಳು ಹೋದರು. ಕೊನೆಯವರೆಗೂ ಏನೋ ಹೇಳಬೇಕು ಅಂತಿದ್ದರು, ಹೇಳಲಿಲ್ಲ."

ಸಿಟ್ಟು ಬರಬೇಕಿತ್ತು. ಬಂತು ಕೂಡ, ಮೇಜಿಗೆ ಗುದ್ದಿ ಕೈ ನೋಯಿಸಿಕೊಂಡೆ. ಆದರೆ ಸಾಲು ಚೆನ್ನಾಗಿತ್ತು. ನಾನು ಮೆಟ್ಟಿಲ ಮೇಲೆ ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. "ಹೋದ ತಿಂಗಳು ಅನ್ನೋದು ತೆಗೆದುಹಾಕು," ಎಂದೆ. "ಯಾವಾಗ ಹೋದರು ಅನ್ನೋದು ಯಾರಿಗೂ ಬೇಕಿಲ್ಲ. ಬಾಬೂಜಿ ಹೋದರು, ಅಷ್ಟೇ ಸಾಕು. ಆಮೇಲೆ ಸ್ವಲ್ಪ ನಿಲ್ಲಲಿ."

ಹುಡುಗಿ ಅಳುತ್ತಿದ್ದಳು. "ಸರ್, ಮುಂದಿನ ವಾರ ಅಂತ ನಾನು ಸುಮ್ಮನೆ ಹೇಳ್ತಿದ್ದೆ. ಹೇಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ. ಇನ್ನು ಶೆಡ್ಯೂಲ್ ಇಲ್ಲ ಸರ್. ನೀವು ಗಡ್ಡ ತೆಗೀಬಹುದು."

ತಡವಾಗಿಯಾದರೂ ಹೇಳಿದಳು. ಆ ವಯಸ್ಸಾದ ನಟರಿಗೆ ನಾನು ಅಷ್ಟೂ ಹೇಳಿರಲಿಲ್ಲ.

ಕ್ಷೌರದಂಗಡಿಗೆ ಹೋಗಿ ಕೂತಾಗ ಚೀನೀ ಹೆಂಗಸಿಗೆ ನಂಬಿಕೆಯೇ ಬರಲಿಲ್ಲ. "ಶೂರ್ ಆ, ಅಂಕಲ್?" ಎಂದು ಎರಡು ಸಲ ಕೇಳಿದಳು. ತಲೆಯಾಡಿಸಿದೆ. ನೊರೆ ಹಚ್ಚುವಾಗ ಕಣ್ಣಲ್ಲಿ ನೀರು ಬಂತು. ಆಕೆ ನೊರೆ ತಾಗಿತೆಂದು ತಿಳಿದು ಟಿಶ್ಯೂ ಕೊಟ್ಟಳು.

ಮನೆಗೆ ಬಂದಾಗ ಹೆಂಡತಿ ಇನ್ನೂ ತಂಗಿಯ ಜೊತೆ ಫೋನಿನಲ್ಲೇ ಇದ್ದಳು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. "ಆಮ್ಯಾಲ ಮಾಡ್ತೀನವ್ವ," ಎಂದು ಫೋನ್ ಇಟ್ಟಳು. ಹತ್ತಿರ ಬಂದು ನನ್ನ ಗದ್ದ ಹಿಡಿದು ಈ ಕಡೆ ಆ ಕಡೆ ತಿರುಗಿಸಿದಳು.

"ಎಷ್ಟ್ ಸೊರಗೀರಿ! ಗಡ್ಡದಾಗ ಕಾಣಿಸ್ತಿದ್ದಿಲ್ಲ ನೋಡ್ರಿ."

"ಪೋಸ್ಟರ್ ಅಲ್ಲ ಅದು," ಎಂದೆ.

"ಗೊತ್ತಾತು ಬಿಡ್ರಿ. ಒಳಗ ಬರ್ರಿ, ಕುಂದರ್ರಿ."

ಕೂತೆ. ನೀರು ತಂದುಕೊಟ್ಟಳು. ಬಾಯಿಪಾಠ ಮಾಡಿದ ನಾಲ್ಕು ಪುಟವೂ ತಲೆಯಲ್ಲಿತ್ತು. ಅದರಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ಲ.

"ಒಬ್ಬರಿಗೆ ನಾ ಸುಳ್ಳ್ ಹೇಳೀನಿ," ಎಂದೆ.

"ಯಾರಿಗ್ರಿ? ಯಾವಾಗ?"

"ಭಾಳ ವರ್ಷ ಆತು. ಗಿರಿಜಾ ಮೀಸಿ ಬಿಟ್ಟಿದ್ರು."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ಕೂತಳು. ನಾನು ಬಸ್ ಸ್ಟಾಪಿನಿಂದ ಶುರು ಮಾಡಿದೆ.